ಕಟಿಂಗ್ ದರ: ಬದಲಾವಣೆ ಇಲ್ಲ

ನಮ್ಮ ದರಪಟ್ಟಿಯ ಆ ಕಾಲಮಿನ ಅಗಲ ಮುಕ್ಕಾಲು ಅಂಗುಲ. ಅದರಲ್ಲಿ ‘ಬದಲಾವಣೆ ಇಲ್ಲ’ ಎಂದು ಪೂರ್ತಿಯಾಗಿ ಬರೆದರೆ ಕೊನೆಯ ಅಕ್ಷರ ಪಕ್ಕದ ಗೆರೆ ದಾಟುತ್ತಿತ್ತು. ಅದಕ್ಕೆ ನಾವೆಲ್ಲ ‘ಬ.ಇ.’ ಎಂದು ಬರೆಯುತ್ತಿದ್ದೆವು. ಮೂರು ಪ್ರತಿ, ನಡುವೆ ಎರಡು ಕಾರ್ಬನ್ ಹಾಳೆ. ಮೂರನೆಯ ಪ್ರತಿಯಲ್ಲೂ ಮೂಡಬೇಕೆಂದರೆ ಬಾಲ್ ಪೆನ್ನನ್ನು ಒತ್ತಿ ಹಿಡಿಯಬೇಕಾಗಿತ್ತು.

ನಾನು ಸಾಂಖ್ಯಿಕ ನಿರೀಕ್ಷಕಿಯಾಗಿದ್ದೆ. ಹೆಸರು ದೊಡ್ಡದು, ಕೆಲಸ ಅಂಗಡಿ ಅಂಗಡಿಗೆ ಹೋಗಿ ಬೆಲೆ ಕೇಳಿ ಬರೆದುಕೊಳ್ಳುವುದು. ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಚಿಕ್ಕಬಳ್ಳಾಪುರದ ಕಚೇರಿಗೆ ಸೇರಿದೆ. ವಾರದಲ್ಲಿ ಒಂದು ದಿನ ಆ ಊರಿನ ಅಂಗಡಿಗಳು, ಒಂದು ದಿನ ಗೌರಿಬಿದನೂರು, ಒಂದು ದಿನ ಚಿಂತಾಮಣಿ, ಬುಧವಾರ ಸಿಡ್ಲಘಟ್ಟ. ಅಕ್ಕಿ, ರಾಗಿ, ಬೇಳೆ, ಸೀಮೆಎಣ್ಣೆ ಆದ ಮೇಲೆ ಪಟ್ಟಿಯ ಕೊನೆಯಲ್ಲಿ ‘ವೈಯಕ್ತಿಕ ಆರೈಕೆ ಮತ್ತು ಸೇವೆಗಳು’ ಎಂಬ ಗುಂಪು ಬರುತ್ತಿತ್ತು. ಸೋಪು, ತಲೆಗೆಣ್ಣೆ, ಪೌಡರ್, ಬಳೆ, ರವಿಕೆ ಹೊಲಿಗೆ, ಬಟ್ಟೆ ಒಗೆತ, ಕ್ಷೌರ. ಕಚೇರಿಯಲ್ಲಿ ಗಂಡಸರು ಯಾರೂ ಈ ಗುಂಪನ್ನು ಇಷ್ಟಪಟ್ಟು ತೆಗೆದುಕೊಳ್ಳುತ್ತಿರಲಿಲ್ಲ. ಹೊಸಬಳಾದ್ದರಿಂದ ನನಗೆ ಬಂತು.

ಈಗ ಈ ಕೆಲಸಕ್ಕೆ ಸೇರುವವರು ಕೈಯಲ್ಲಿ ಟ್ಯಾಬ್ ಹಿಡಿದು ಹೋಗುತ್ತಾರೆ. ಹೋದ ವರ್ಷ ಒಬ್ಬ ಹುಡುಗಿ ಮನೆಗೆ ಬಂದು ಅದನ್ನು ತೋರಿಸಿದಳು. ದರ ಒತ್ತಿದ ಕೂಡಲೇ ಹೋದ ತಿಂಗಳ ದರ ಪಕ್ಕದಲ್ಲಿ ಬರುತ್ತದೆ. ವ್ಯತ್ಯಾಸ ಹೆಚ್ಚಾಗಿದ್ದರೆ ಆ ಚೌಕ ಕೆಂಪಾಗುತ್ತದೆ. ವ್ಯತ್ಯಾಸವೇ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಏನೂ ಆಗುವುದಿಲ್ಲ ಎಂದಳು. ಇದನ್ನು ಬರೆಯಬೇಕೆನ್ನಿಸಿದ್ದು ಆಗ. ನನಗೆ ಸಿಕ್ಕ ಬಡ್ತಿಗಳು, ವರ್ಗಾವಣೆಗಳು ಸೇವಾ ಪುಸ್ತಕದಲ್ಲಿವೆ. ಅವು ಇಲ್ಲಿ ಬೇಡ.

ನನ್ನ ಮೊದಲ ಮೇಲಧಿಕಾರಿ ರಾಮಕೃಷ್ಣಯ್ಯನವರು. ಬಿಳಿ ಅಂಗಿಯ ಜೇಬಿನಲ್ಲಿ ಮೂರು ಪೆನ್ನು, ಬಾಯಲ್ಲಿ ಸದಾ ಅಡಿಕೆ. ಅವರು ಕಲಿಸಿದ ನಿಯಮ ಸರಳ. ಅದೇ ಅಂಗಡಿ, ಅದೇ ವಸ್ತು, ಅದೇ ದಿನ. ಒಂದು ಅಂಗಡಿಯ ದರವನ್ನು ಇನ್ನೊಂದು ಅಂಗಡಿಯಲ್ಲಿ ಬಾಯಿಬಿಡಬಾರದು. ಮೊದಲ ತಿಂಗಳು ನಾನು ನಮೂನೆಯ ಅಂಚಿನಲ್ಲಿ ‘ಮದುವೆಯ ಕಾಲವಾದ್ದರಿಂದ ಹೂವಿನ ಬೆಲೆ ಏರಿರಬಹುದು’ ಎಂದು ಬರೆದಿದ್ದೆ. ಅವರು ಅದನ್ನು ಕೆಂಪು ಶಾಯಿಯಿಂದ ಹೊಡೆದು ಹಾಕಿ, "ನಿಮ್ಮ ಅಭಿಪ್ರಾಯ ಯಾರೂ ಕೇಳಿಲ್ಲಮ್ಮ. ರೇಟ್ ಕೇಳಿದೀವಿ, ರೇಟ್ ಬರೀರಿ" ಎಂದರು. ನನಗೆ ಅದು ಹಿಡಿಸಿತು. ಹೆಚ್ಚು ಮಾತು ಬೇಡದ ಕೆಲಸ ಎಂದುಕೊಂಡೆ.

ಸೋಪಿನ ವಿಷಯದಲ್ಲಿ ಒಮ್ಮೆ ಅವರಿಂದ ಶಹಬ್ಬಾಸ್ ಸಿಕ್ಕಿತ್ತು. ಚಿಂತಾಮಣಿಯ ಅಂಗಡಿಯಲ್ಲಿ ಮೈ ಸೋಪಿನ ದರ ಹೋದ ತಿಂಗಳಿನದೇ ಇತ್ತು. ಆದರೆ ಕೈಯಲ್ಲಿ ಹಿಡಿದಾಗ ಬಿಲ್ಲೆ ಏನೋ ಸಣ್ಣದೆನ್ನಿಸಿತು. ಹಳೆಯ ಸ್ಟಾಕಿನ ಒಂದು ಬಿಲ್ಲೆ ಹುಡುಕಿಸಿ ಎರಡರ ಹೊದಿಕೆಯನ್ನೂ ಓದಿದೆ. ತೂಕ ಇಳಿದಿತ್ತು. ನಿಯಮದ ಪ್ರಕಾರ ಅದನ್ನು ಬೆಲೆ ಏರಿಕೆ ಎಂದು ಲೆಕ್ಕ ಹಾಕಿ ಬರೆದೆ. ಅಂಗಡಿಯ ಶೆಟ್ಟರು, "ಏನಮ್ಮ, ಇಷ್ಟು ವರ್ಷ ಮಾರ್ತಿರೋ ನನಗೇ ಗೊತ್ತಾಗ್ಲಿಲ್ಲ. ನಿಮ್ಮ ಅತ್ತೆ ಮನೆಯೋರು ಭಾರಿ ಹುಷಾರಾಗಿರ್ಬೇಕು" ಎಂದು ನಕ್ಕರು. ನನಗೆ ಆಗ ಮದುವೆಯಾಗಿರಲಿಲ್ಲ.

ಶಾಂಪೂ ಇನ್ನೊಂದು ಪಾಠ. ಪಟ್ಟಿಯಲ್ಲಿದ್ದದ್ದು ಬಾಟಲಿ. ಗೌರಿಬಿದನೂರಿನಲ್ಲಿ ಆ ಬಾಟಲಿ ಮೇಲಿನ ಶೆಲ್ಫಿನಲ್ಲಿ ಧೂಳು ಹಿಡಿದು ಕೂತಿತ್ತು. ಅದರ ಬೆಲೆ ತಿಂಗಳುಗಟ್ಟಲೆ ಏರಲಿಲ್ಲ, ಏಕೆಂದರೆ ಯಾರೂ ಕೊಳ್ಳುತ್ತಿರಲಿಲ್ಲ. ಹೆಂಗಸರು ಕೊಳ್ಳುತ್ತಿದ್ದದ್ದು ಬಾಗಿಲಲ್ಲಿ ತೋರಣದ ಹಾಗೆ ನೇತುಬಿಟ್ಟ ಚಿಕ್ಕ ಪಾಕೀಟು. ವಾರಕ್ಕೊಮ್ಮೆ ಒಂದನ್ನು ಹರಿದು ಅಕ್ಕ ತಂಗಿ ಇಬ್ಬರೂ ತಲೆ ತೊಳೆದುಕೊಳ್ಳುತ್ತಿದ್ದರು. ಪಾಕೀಟನ್ನು ಪಟ್ಟಿಗೆ ಸೇರಿಸಲು ನಮ್ಮ ಮೇಲಿನ ಕಚೇರಿಗೆ ಎರಡು ವರ್ಷ ಬೇಕಾಯಿತು.

ಬಳೆಯ ದರ ನಗರಗೆರೆ ಕಡೆಯಿಂದ ಬರುತ್ತಿತ್ತು. ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಬರುವ ಲಕ್ಷ್ಮಮ್ಮ ಎಂಬಾಕೆ ಅಲ್ಲಿ ಒಂದು ಜಗಲಿಯ ಮೇಲೆ ಕೂರುತ್ತಿದ್ದರು. ತೆಲುಗು ಕನ್ನಡ ಎರಡೂ ಕಲೆಸಿ ಮಾತಾಡುತ್ತಿದ್ದರು. ನಾನು ಕೇಳುವ ಮುಂಚೆಯೇ, "ಲೇದಮ್ಮ, ಡಜನ್ನಿಗೆ ಅದೇ ರೇಟು, ರಾಸ್ಕೋ, ಬರ್ಕೋ" ಎನ್ನುವರು. ಒಮ್ಮೆ ಅವರ ಮುಂದೆ ಕೈ ಚಾಚಿ ಕೂತಿದ್ದ ಹೆಂಗಸು, "ಅದೇ ರೇಟಂತೆ! ಮುಂಚೆ ಡಜನ್ ಮೇಲೊಂದು ಕೊಸರು ಹಾಕ್ತಿದ್ದೆ. ತೊಡಿಸೋವಾಗ ಒಡೆದ್ರೆ ನಷ್ಟ ನಂದೇ ಅಂತಿದ್ದೆ. ಈಗ ಒಡೆದಿದ್ದನ್ನೂ ನನ್ನ ತಲೆಗೇ ಕಟ್ತೀಯ" ಎಂದಳು. "ಗಾಜಿನ ರೇಟು ನೀನು ಕೇಳಿದ್ದೀಯೇನೇ?" ಎಂದು ಲಕ್ಷ್ಮಮ್ಮ ತಿರುಗಿಬಿದ್ದರು. ನಾನು ಆ ಜಗಳ ಕೇಳಿಸಿಕೊಂಡೆ. ಡಜನ್ನಿನ ದರದ ಮುಂದೆ ‘ಬ.ಇ.’ ಎಂದು ಬರೆದು ಬಸ್ಸು ಹತ್ತಿದೆ. ಕೊಸರು ನನ್ನ ಪಟ್ಟಿಯಲ್ಲಿರಲಿಲ್ಲ.

ಇನ್ನು ಕ್ಷೌರ. ಸಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮುನಿನಾರಾಯಣಪ್ಪನವರ ಕಟಿಂಗ್ ಶಾಪು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಎರಡು ಕುರ್ಚಿ, ಎದುರುಬದುರು ಕನ್ನಡಿ, ಗೋಡೆಗೆ ಒಂದು ಬೆಂಚು. ಹೆಂಗಸರು ಒಳಗೆ ಕಾಲಿಡುವ ಪದ್ಧತಿ ಇರಲಿಲ್ಲ. ಮೊದಲ ಬುಧವಾರ ನಾನು ಬಾಗಿಲ ಬಳಿ ನಿಂತಾಗ ಒಳಗೆ ಒಬ್ಬರು ಅಂಗಿ ಬಿಚ್ಚಿ ಕೈ ಮೇಲೆತ್ತಿ ಕೂತಿದ್ದರು. ನಾನು ಬೀದಿಯ ಕಡೆ ತಿರುಗಿಬಿಟ್ಟೆ. ಒಳಗಿನಿಂದ ಯಾರೋ, "ರೇಟ್ ಮೇಡಮ್ಮ ಬಂದವ್ರೆ, ಹೊಟ್ಟೆ ಒಳಕ್ಕೆ ಎಳ್ಕೊಳ್ರಪ್ಪೋ" ಎಂದರು. ನಗು ಎದ್ದಿತು. ಮುನಿನಾರಾಯಣಪ್ಪನವರು ಮಾತ್ರ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು, "ಕಟಿಂಗ್ ಮೂರು ರೂಪಾಯಿ ಅಮ್ಮ. ಬರ್ಕೊಳ್ಳಿ" ಎಂದು ಗಂಭೀರವಾಗಿ ಹೇಳಿದರು.

ಅಂದಿನಿಂದ ನಾನು ಬೀದಿಗೆ ಮುಖ ಮಾಡಿಕೊಂಡೇ ನಿಲ್ಲುತ್ತಿದ್ದೆ. ಅವರು ಒಳಗಿನಿಂದಲೇ "ಅದೇ ಅಮ್ಮ" ಎನ್ನುವರು. ನಾನು ‘ಬ.ಇ.’ ಬರೆಯುವೆ. ಎರಡು ವರ್ಷ ಹೀಗೆ ನಡೆಯಿತು. ಆ ಎರಡು ವರ್ಷದಲ್ಲಿ ಕೊಬ್ಬರಿ ಎಣ್ಣೆ, ಬ್ಲೇಡು, ಸೋಪು, ಅಂಗಡಿ ಬಾಡಿಗೆ ಎಲ್ಲ ಏರಿದ್ದನ್ನು ನಾನೇ ಬೇರೆ ಸಾಲುಗಳಲ್ಲಿ ಬರೆದಿದ್ದೆ. ಅದೆಲ್ಲ ಏರಿದ ಮೇಲೂ ಈ ಮನುಷ್ಯ ಮೂರು ರೂಪಾಯಿಗೆ ಹೇಗೆ ಮಾಡುತ್ತಾನೆ ಎಂಬ ಪ್ರಶ್ನೆ ನನಗೆ ಬರಬೇಕಾಗಿತ್ತು. ಬರಲಿಲ್ಲ. ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ ಎಂದು ಕಲಿತಿದ್ದೆನಲ್ಲ.

ಶಂಶಾದ್ ಬಿ ಅವರನ್ನು ಮೊದಲು ನೋಡಿದ್ದು ಆ ಅಂಗಡಿಯ ಮುಂದೆಯೇ. ಸಿಡ್ಲಘಟ್ಟದ ರೀಲಿಂಗ್ ಘಟಕವೊಂದರಲ್ಲಿ, ಕುದಿಯುವ ನೀರಿನಲ್ಲಿ ಗೂಡು ಹಾಕಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಕಣ್ಣು ಸರಿಯಾಗಿ ಕಾಣದ ಮಾವನನ್ನು ಕ್ಷೌರಕ್ಕೆ ಕರೆತಂದು ಹೊರಗೆ ಕಾಯುತ್ತಿದ್ದರು. ಇಬ್ಬರೂ ಹೆಂಗಸರು, ಇಬ್ಬರೂ ಹೊರಗೆ. ಅವರೇ ಮಾತು ತೆಗೆದರು.

"ನೀವು ಬರ್ಕೊಂಡು ಹೋಗಿ ಏನ್ ಮಾಡ್ತೀರಿ ಮೇಡಮ್ಮ?"

"ಎಲ್ಲ ಊರಿನ ದರ ಸೇರಿಸಿ, ಜೀವನದ ಖರ್ಚು ಎಷ್ಟು ಏರಿದೆ ಅಂತ ಲೆಕ್ಕ ಹಾಕ್ತಾರೆ."

"ಹಾಕಿ?"

"ಕೆಲವರ ಸಂಬಳ, ಕೂಲಿ ಅದನ್ನ ನೋಡಿ ಏರಿಸ್ತಾರೆ."

"ಹಂಗಾದ್ರೆ ಸರಿಯಾಗಿ ಬರ್ಕೊಳ್ಳಿ" ಎಂದು ನಕ್ಕರು. ಅವರ ಮೈಯಿಂದ ಗೂಡಿನ ಹುಳದ ವಾಸನೆ ಬರುತ್ತಿತ್ತು. ಅದರ ಮೇಲೆ ಅಗ್ಗದ ಪೌಡರಿನ ವಾಸನೆ. ನಾನು ಅರಿವಿಲ್ಲದೆ ಮುಖ ತಿರುಗಿಸಿದ್ದಿರಬೇಕು. "ಶೋಕಿಗೆ ಹಾಕೊಂಡಿದ್ದಲ್ಲ ಮೇಡಮ್ಮ" ಎಂದರು. "ಪೌಡರ್ ಹಾಕ್ದೆ ಬಸ್ಸಲ್ಲಿ ಕೂತ್ರೆ ಪಕ್ಕದೋರು ಎದ್ದೋಗ್ತಾರೆ."

ಆ ವರ್ಷ ರೀಲಿಂಗ್ ಕೆಲಸದವರು ದಿನಗೂಲಿ ಎರಡು ರೂಪಾಯಿ ಹೆಚ್ಚಿಸಬೇಕೆಂದು ಕೇಳಿದರು. ಮಾಲೀಕರು ಎಂಟಾಣೆಗಿಂತ ಹೆಚ್ಚು ಆಗುವುದಿಲ್ಲ ಎಂದರು. ಒಂದು ವಾರ ಘಟಕಗಳಲ್ಲಿ ಒಲೆ ಹಚ್ಚಲಿಲ್ಲ. ಕಾರ್ಮಿಕ ಇಲಾಖೆಯ ಅಧಿಕಾರಿಯೊಬ್ಬರು ಎರಡೂ ಕಡೆಯವರನ್ನು ಒಂದು ಛತ್ರದಲ್ಲಿ ಕೂರಿಸಿ, ಈ ಭಾಗದ ಊರುಗಳ ದರಗಳ ಪಟ್ಟಿ ತರಲು ನಮ್ಮ ಕಚೇರಿಗೆ ಹೇಳಿಕಳಿಸಿದರು. ಗುರುವಾರ ಮಧ್ಯಾಹ್ನ ರಾಮಕೃಷ್ಣಯ್ಯನವರು, ನಾನು ಹೋದೆವು. "ಓದಿ ಅಂದ್ರೆ ಓದಿ. ಮಿಕ್ಕಿದ್ದು ಅವರಿಗೆ ಬಿಟ್ಟಿದ್ದು" ಎಂದು ಬಸ್ಸಿನಲ್ಲಿಯೇ ಹೇಳಿದ್ದರು.

ಜಮಖಾನದ ಒಂದು ಬದಿ ಮಾಲೀಕರು, ಇನ್ನೊಂದು ಬದಿ ಗಂಡಾಳುಗಳು, ಹಿಂದೆ ಕಂಬದ ಹತ್ತಿರ ಹೆಂಗಸರು. ಮಾಲೀಕರ ಪರವಾಗಿ ಮಾತಾಡಿದ್ದು ಖಾದರ್ ಸಾಹೇಬರು. ಒರಟರಲ್ಲ. ಅವರ ಕಷ್ಟವೂ ಸುಳ್ಳಲ್ಲ. ಗೂಡಿನ ಬೆಲೆ ಏರಿತ್ತು, ನೂಲಿನ ಬೆಲೆ ಬಿದ್ದಿತ್ತು.

ನಾನು ಓದಿದೆ. ಅಕ್ಕಿ ಏರಿದೆ, ಬೇಳೆ ಏರಿದೆ, ಎಣ್ಣೆ ಏರಿದೆ. ಆಮೇಲೆ ಕೊನೆಯ ಗುಂಪು. ಬಳೆ, ಬದಲಾವಣೆ ಇಲ್ಲ. ರವಿಕೆ ಹೊಲಿಗೆ, ಬದಲಾವಣೆ ಇಲ್ಲ. ಬಟ್ಟೆ ಒಗೆತ, ಬದಲಾವಣೆ ಇಲ್ಲ. ಕ್ಷೌರ, ವಯಸ್ಕರು, ಬದಲಾವಣೆ ಇಲ್ಲ.

"ಕೇಳಿದ್ರಲ್ಲ" ಎಂದರು ಖಾದರ್ ಸಾಹೇಬರು. "ಅಕ್ಕಿ ಬೇಳೆ ಏರಿದೆ, ನಾನೂ ತಿಂತೀನಿ, ಒಪ್ತೀನಿ. ಅದಕ್ಕೇ ಎಂಟಾಣೆ ಅಂದಿದ್ದು. ಮಿಕ್ಕಿದ್ದೆಲ್ಲ ಎರಡು ವರ್ಷದಿಂದ ಇದ್ದಂಗೇ ಇದೆ ಅಂತ ಸರ್ಕಾರದ ಕಾಗದಾನೇ ಹೇಳ್ತಾ ಇದೆ. ಇನ್ನೂ ಒಂದೂವರೆ ರೂಪಾಯಿ ಎಲ್ಲಿಗಪ್ಪ? ಸ್ನೋ ಪೌಡರಿಗಾ?"

ಆ ಬದಿಯಲ್ಲಿ ನಗು ಬಂತು. ಕಂಬದ ಹತ್ತಿರದಿಂದ ಶಂಶಾದ್ ಬಿ ಎದ್ದು ನಿಂತರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಸಾಹೇಬರನ್ನು ಬಿಟ್ಟು ನನ್ನನ್ನು ನೋಡಿ ಕೇಳಿದರು.

"ಮೇಡಮ್ಮ, ಕಟಿಂಗ್ ಅಂದ್ರೇನು?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. "ತಲೆಗೂದಲು ಕತ್ತರಿಸೋದು" ಎಂದೆ. ಇಡೀ ಛತ್ರ ನಕ್ಕಿತು.

"ಅಷ್ಟೇನಾ? ನಮ್ ಮಾವನ್ನ ಕೇಳಿ. ಮುಂಚೆ ಕಟಿಂಗ್ ಅಂದ್ರೆ ಎಣ್ಣೆ ಹಾಕಿ ತಲೆ ತಟ್ಟೋದು ಅದರಾಗೇ ಬರ್ತಿತ್ತು. ಕತ್ತು ಮುರಿಯೋದು ಬರ್ತಿತ್ತು. ಕಂಕುಳು ತೆಗೆಯೋದು ಬರ್ತಿತ್ತು. ಬಿಸಿನೀರಲ್ಲಿ ಬಟ್ಟೆ ಹಿಂಡಿ ಕತ್ತು ಒರೆಸೋರು. ಈಗ ಎಣ್ಣೆ ಬೇಕಂದ್ರೆ ಮನೆಯಿಂದ ತಗೊಂಡೋಗ್ಬೇಕು. ತಟ್ಟಕ್ಕೆ ಬೇರೆ ಕಾಸು, ಕಂಕುಳಿಗೆ ಬೇರೆ ಕಾಸು."

"ಏ, ಹೆಂಗಸಾಗಿ ಗಂಡಸರ ಕಂಕುಳ ಲೆಕ್ಕ ಹೇಳ್ತೀಯಲ್ಲಮ್ಮ!" ಎಂದು ಮಾಲೀಕರ ಕಡೆಯಿಂದ ಒಬ್ಬರು ಕೂಗಿದರು.

"ನೀವ್ ಹೇಳಲ್ಲ, ಅದಕ್ಕೆ ನಾನ್ ಹೇಳ್ತಾ ಇದೀನಿ" ಎಂದರು ಶಂಶಾದ್ ಬಿ. ಈ ಸಲ ನಗು ಕೆಲಸಗಾರರ ಕಡೆಯಿಂದ ಬಂತು.

ಕಾರ್ಮಿಕ ಅಧಿಕಾರಿ, "ನೀವು ಒಳಗೆ ಹೋಗಿ ನೋಡಿದ್ದೀರೇನಮ್ಮ?" ಎಂದು ಆಕೆಯನ್ನು ಕೇಳಿದರು.

"ಇಲ್ಲ ಸಾರ್. ನಾನೂ ಈ ಮೇಡಮ್ಮನಂಗೆ ಹೊರಗೇ ನಿಲ್ತೀನಿ. ಆದ್ರೆ ತಟ್ಟೋ ಸದ್ದು ಕೇಳ್ಸಲ್ವಾ? ಮೇಡಮ್ಮ, ನಿಮಗೆ ಕೇಳಿಸ್ತಿತ್ತಲ್ವಾ?"

ಕೇಳಿಸುತ್ತಿತ್ತು. ಅಂಗೈ ಬಟ್ಟಲು ಮಾಡಿ ತಲೆಯ ಮೇಲೆ ತಟ್ಟುವ ಟಪ್ ಟಪ್ ಸದ್ದು, ಅದರ ನಡುವೆ ಬೆರಳುಗಳ ಚಿಟಿಕೆ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳಲ್ಲಿ ಬೀದಿ ನೋಡುತ್ತಾ ನಿಂತಾಗ ಬೆನ್ನ ಹಿಂದೆ ಆ ಸದ್ದು ಇರುತ್ತಿತ್ತು. ಯಾವ ತಿಂಗಳಿನಿಂದ ನಿಂತಿತೋ ನನಗೆ ಗೊತ್ತಿರಲಿಲ್ಲ. ಸೋಪಿನ ಬಿಲ್ಲೆ ಕೆಲವೇ ಗ್ರಾಂ ಸಣ್ಣದಾದದ್ದನ್ನು ಹಿಡಿದಿದ್ದ ನಾನು, ಇಡೀ ಸದ್ದು ಇಲ್ಲವಾದದ್ದನ್ನು ಹಿಡಿದಿರಲಿಲ್ಲ.

ಅಧಿಕಾರಿ ನನ್ನ ಕಡೆ ತಿರುಗಿದರು. "ಈ ಪಟ್ಟಿ ಸರಿ ಅಂತ ನೀವು ಹೇಳ್ತೀರಾ?"

ರಾಮಕೃಷ್ಣಯ್ಯನವರು ಗಂಟಲು ಸರಿಮಾಡಿಕೊಂಡರು. ಅದರ ಅರ್ಥ ನನಗೆ ಗೊತ್ತಿತ್ತು. ದರ ಸರಿಯಾಗಿಯೇ ಇದೆ, ಹೌದು ಎನ್ನಬಹುದು, ಸುಳ್ಳೇನಲ್ಲ. ಹೌದು ಎಂದರೆ ಮಾತು ಎಂಟಾಣೆಗೆ ಮುಗಿಯುತ್ತದೆ ಎಂಬುದೂ ಗೊತ್ತಿತ್ತು. ಅಷ್ಟು ಜನರ ಎದುರು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ.

"ದರ ಸರಿ ಇದೆ ಸಾರ್" ಎಂದೆ. "ಆದರೆ ಆ ದರಕ್ಕೆ ಏನು ಮಾಡಿಕೊಡ್ತಾರೆ ಅಂತ ನಾನು ಕೇಳಿಲ್ಲ. ಒಳಗೆ ಹೋಗಿ ನೋಡಿಲ್ಲ. ಕ್ಷೌರ, ಹೊಲಿಗೆ, ಒಗೆತ, ಬಳೆ, ಈ ನಾಲ್ಕಕ್ಕೂ ಬದಲಾವಣೆ ಇಲ್ಲ ಅಂತ ನಾನು ಖಚಿತವಾಗಿ ಹೇಳಲಾರೆ."

"ಹಂಗಾದ್ರೆ ಎರಡು ವರ್ಷ ಏನ್ ಬರ್ದ್ರಿ?" ಎಂದರು ಖಾದರ್ ಸಾಹೇಬರು. ಅವರು ವ್ಯಂಗ್ಯವಾಗಿ ಕೇಳಲಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದರು.

ಅಧಿಕಾರಿ ಮಾತುಕತೆಯನ್ನು ಸೋಮವಾರಕ್ಕೆ ಮುಂದೂಡಿದರು. ಅಷ್ಟರೊಳಗೆ ಆ ನಾಲ್ಕು ಸೇವೆಗಳನ್ನು ನೋಡಿ ಬರೆದು ತರಬೇಕೆಂದು ನನಗೆ ಹೇಳಿದರು.

ವಾಪಸು ಬಸ್ಸಿನಲ್ಲಿ ರಾಮಕೃಷ್ಣಯ್ಯನವರು ಟಿಕೆಟ್ಟುಗಳನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ, "ನಿಮಗೆ ಮೆಮೊ ಕೊಡ್ಬೇಕಾಗುತ್ತೆ" ಎಂದರು.

"ಕೊಡಿ ಸಾರ್."

"ಕೊಡ್ತೀನಿ. ಕೊಡ್ದೆ ಇದ್ರೆ ನನಗೆ ಕೊಡ್ತಾರೆ." ಮತ್ತೆ ತಮ್ಮಷ್ಟಕ್ಕೆ ಹೇಳಿದರು: "ಸೋಪಿಗಾದ್ರೆ ತೂಕ ಇದೆ. ತಲೆ ತಟ್ಟೋದಕ್ಕೆ ತೂಕ ಎಲ್ಲಿಂದ ತರೋಣ?"

ಅವರು ಕಿಟಕಿಯಿಂದಾಚೆ ಅಡಿಕೆ ಉಗಿದರು.

"ನನಗೂ ಗೊತ್ತಾಗ್ಲಿಲ್ಲ ನೋಡಿ. ನಮ್ಮ ಮನೆಗೇ ಬಂದು ಮಾಡೋನು ಒಬ್ಬನಿದಾನೆ. ಅವನು ನನಗೆ ಏನೂ ಕಮ್ಮಿ ಮಾಡಿಲ್ಲ. ಯಾಕೆ ಕಮ್ಮಿ ಮಾಡಿಲ್ಲ ಅಂತ ನಾನೂ ಕೇಳಿಲ್ಲ." ಇಳಿಯುವ ಮುಂಚೆ ಅವರು ಕೊಟ್ಟ ಬುದ್ಧಿಮಾತು ಇಷ್ಟೇ: "ಬಾಯಿ ಮಾತು ಬರ್ಕೊಂಡು ಬರ್ಬೇಡಿ. ಅವರ ಕಡೆಯೋರು ಒಂದು ಹೇಳ್ತಾರೆ, ಇವರ ಕಡೆಯೋರು ಒಂದು ಹೇಳ್ತಾರೆ. ಅಳೆಯೋಕೆ ಆಗೋದೇನಾದ್ರೂ ಇದ್ರೆ ಅದನ್ನ ಅಳೀರಿ."

ಸೋಮವಾರ ಏನಾಯಿತೆಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೆಲಸಗಾರರಿಗೆ ಕೇಳಿದಷ್ಟು ಸಿಗಲಿಲ್ಲ. ಒಂದೂಕಾಲು ರೂಪಾಯಿಗೆ ಎರಡೂ ಕಡೆಯವರು ಒಪ್ಪಿದರು. ನನ್ನ ಹಾಳೆಯಿಂದಲೇ ಹಾಗಾಯಿತೆಂದು ಹೇಳಲಾರೆ. ಮಾಲೀಕರಿಗೂ ಒಲೆ ಹಚ್ಚುವ ತುರ್ತಿತ್ತು. ಆದರೆ ಖಾದರ್ ಸಾಹೇಬರು ಆ ಹಾಳೆಯನ್ನು ಎರಡು ಸಲ ಓದಿದರು. ಸ್ನೋ ಪೌಡರಿನ ಮಾತು ಮತ್ತೆ ತೆಗೆಯಲಿಲ್ಲ. ಮೆಮೊ ನನಗೆ ಬಂತು. ಅದಕ್ಕೆ ಎರಡು ಸಾಲಿನ ಉತ್ತರ ಕೊಟ್ಟೆ. ಅಚ್ಚಾಗಿ ಹೋದ ಎರಡು ವರ್ಷದ ಅಂಕಿಗಳನ್ನು ಮಾತ್ರ ಯಾರೂ ತಿದ್ದಲಿಲ್ಲ. ತಿದ್ದುವ ದಾರಿ ನಿಯಮದಲ್ಲಿರಲಿಲ್ಲ.

ಮುಂದೆ ತೊಂಬತ್ತರ ದಶಕದಲ್ಲಿ ಚಿಂತಾಮಣಿಯ ಒಂದು ಬ್ಯೂಟಿ ಪಾರ್ಲರ್ ಪಟ್ಟಿಗೆ ಸೇರಿತು. ಮನೆಯ ಮುಂದಿನ ಕೋಣೆ, ಹೂವಿನ ಪರದೆ. ಅಲ್ಲಿ ನಾನು ದರ ಕೇಳಿ ಹೊರಡಲಿಲ್ಲ. ಕೂತು ಹುಬ್ಬು ತೆಗೆಸಿಕೊಂಡೆ. ದಾರ ಹೊಸದೋ ಹಳೆಯದೋ, ಮುಗಿದ ಮೇಲೆ ಉರಿ ಆರಲು ಏನು ಹಚ್ಚುತ್ತಾರೆ, ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಗುರುತು ಹಾಕಿಕೊಂಡೆ. ಬೆಲೆಗಳು ಜೋರಾಗಿ ಏರಿದ ವರ್ಷ ಅಲ್ಲಿಗೆ ಬರುವ ಹೆಂಗಸರ ಸಂಖ್ಯೆ ಕಡಿಮೆಯಾಗಲಿಲ್ಲ. ಫೇಶಿಯಲ್ ಮಾಡಿಸುತ್ತಿದ್ದವರು ಬರೀ ಹುಬ್ಬಿಗೆ ಇಳಿದರು. ತಿಂಗಳಿಗೊಮ್ಮೆ ಹುಬ್ಬು ತೆಗೆಸುತ್ತಿದ್ದವರು ಯಾರದಾದರೂ ಮದುವೆ ಬರುವವರೆಗೆ ಕಾದರು. ಪಾರ್ಲರಿನಾಕೆ, "ಯಾರೂ ಬಿಡಲ್ಲ ಮೇಡಂ. ಮುಖ ಯಾರಾದ್ರೂ ಬಿಡ್ತಾರಾ? ಸ್ವಲ್ಪ ಸ್ವಲ್ಪ ಕಟ್ ಮಾಡ್ಕೋತಾರೆ ಅಷ್ಟೇ. ನಾನೂ ಕ್ರೀಮ್ ಸ್ವಲ್ಪ ಕಟ್ ಮಾಡ್ತೀನಿ" ಎಂದರು. ಅದನ್ನು ಮರೆಮಾಚದೆ ಹೇಳಿದರು, ಏಕೆಂದರೆ ಆ ಹೊತ್ತಿಗೆ ನಾನು ಅದನ್ನು ಕೇಳಲು ಕಲಿತಿದ್ದೆ. ಹೊಸದಾಗಿ ಸೇರಿದವರಿಗೆ ನನ್ನ ಮಾತು ಇಷ್ಟೇ. ಬೆಲೆ ಏರಿದಾಗ ಜನ ಮೊದಲು ಬಿಡುವುದು ಯಾರಿಗಾದರೂ ಹೇಳಲು ಸಂಕೋಚಪಡುವಂಥದನ್ನು. ಬಿಟ್ಟದ್ದನ್ನು ಅವರಾಗಿ ಹೇಳುವುದಿಲ್ಲ. ಕೇಳಬೇಕು, ಕೇಳುವ ಸಂಕೋಚವನ್ನು ನೀವು ಬಿಡಬೇಕು.

ನಾನು ಅದನ್ನು ಬಿಟ್ಟದ್ದು ಛತ್ರದ ಸಭೆಯ ಮರು ಬೆಳಿಗ್ಗೆ.

ಶುಕ್ರವಾರ. ಜುಮ್ಮಾ ನಮಾಜಿಗೆ ಮುಂಚೆ ಕ್ಷೌರ ಮಾಡಿಸಿಕೊಳ್ಳುವವರು ಬೆಳಿಗ್ಗೆಯೇ ಬರುತ್ತಾರೆಂದು ಗೊತ್ತಿತ್ತು. ಮೊದಲ ಬಸ್ಸಿಗೆ ಸಿಡ್ಲಘಟ್ಟಕ್ಕೆ ಹೋದೆ. ಮುನಿನಾರಾಯಣಪ್ಪನವರು ಆಗತಾನೆ ಹಲಗೆಗಳನ್ನು ತೆಗೆದು ದೀಪ ಹಚ್ಚಿ ಕೈ ಮುಗಿಯುತ್ತಿದ್ದರು.

"ಒಳಗೆ ಬರಬಹುದಾ?" ಎಂದೆ.

ಅವರು ಒಂದು ಕ್ಷಣ ನನ್ನನ್ನು ನೋಡಿ, ಹೆಗಲ ಮೇಲಿನ ಟವೆಲ್ಲಿನಿಂದ ಬೆಂಚು ಒರೆಸಿದರು. ಛತ್ರದ ಸುದ್ದಿ ಅವರಿಗೆ ಮುಟ್ಟಿತ್ತು. "ನಾನು ನಿಮಗೆ ಸುಳ್ಳು ಹೇಳಿಲ್ಲಮ್ಮ" ಎಂದರು. "ನೀವು ರೇಟ್ ಕೇಳಿದ್ರಿ, ರೇಟ್ ಹೇಳ್ದೆ."

"ಹೌದು. ತಪ್ಪು ನಂದೇ."

"ರೇಟ್ ಏರಿಸಿದ್ರೆ ಹದಿನೈದು ದಿನಕ್ಕೆ ಬರೋನು ಎರಡು ತಿಂಗಳಿಗೆ ಬರ್ತಾನಮ್ಮ. ಎಂಟಾಣೆ ಏರಿಸಿದ್ರೆ ಊರೆಲ್ಲ ಬೈತದೆ. ತಟ್ಟೋದು ನಿಲ್ಲಿಸಿದ್ರೆ ಯಾರೂ ಬೈಯಲ್ಲ. ನಾಚ್ಕೊಂಡು ಸುಮ್ನೆ ಎದ್ದೋಗ್ತಾರೆ." ಅವರು ಕತ್ತರಿಯನ್ನು ಅಂಗೈಗೆ ಉಜ್ಜಿಕೊಂಡರು. "ನಮ್ಮಪ್ಪ ಇದ್ದಿದ್ರೆ ನನ್ನ ಕೈ ಮುರೀತಿದ್ದ."

ನಾನು ಬಂದ ಕೆಲಸ ಹೇಳಿದೆ. ಮೊದಲು ಬಂದವರಿಗೆ ಎರಡು ವರ್ಷದ ಹಿಂದೆ ಹೇಗೆ ಮಾಡುತ್ತಿದ್ದರೋ ಹಾಗೆ, ಒಂದೂ ಬಿಡದೆ ಮಾಡಬೇಕು. ಎರಡನೆಯವರಿಗೆ ಈಗ ದಿನವೂ ಮಾಡುವ ಹಾಗೆ. ಇಬ್ಬರಿಗೂ ದರ ಮೂರು ರೂಪಾಯಿಯೇ. ನಾನು ಕೈಗಡಿಯಾರ ನೋಡುತ್ತೇನೆ.

"ಕೈಗೆ ಜ್ಞಾಪಕ ಇದೆಯೋ ಇಲ್ವೋ" ಎಂದರು.

ಮೊದಲು ಬಂದವರು ಶಂಶಾದ್ ಬಿ ಅವರ ಮಾವ. ಸೊಸೆ ಅವರನ್ನು ಬಾಗಿಲವರೆಗೆ ತಂದು ಬಿಟ್ಟು, ಒಳಗೆ ನನ್ನನ್ನು ನೋಡಿ, ಬೀದಿಯಲ್ಲಿ ನಿಂತರು. ಮುದುಕರ ಕೈಯಲ್ಲಿ ಮನೆಯಿಂದ ತಂದ ಪುಟ್ಟ ಎಣ್ಣೆ ಸೀಸೆ ಇತ್ತು. ಮುನಿನಾರಾಯಣಪ್ಪನವರು ಅದನ್ನು ತೆಗೆದುಕೊಂಡು ಕನ್ನಡಿಯ ಕೆಳಗಿಟ್ಟು, ತಮ್ಮ ಸೀಸೆಯಿಂದಲೇ ಎಣ್ಣೆ ಸುರಿದುಕೊಂಡರು. ಕತ್ತರಿ, ಕತ್ತಿ, ಬಿಸಿನೀರ ಬಟ್ಟೆ. ಆಮೇಲೆ ಅಂಗೈ ಬಟ್ಟಲು ಮಾಡಿ ತಟ್ಟತೊಡಗಿದರು. ಆ ಸದ್ದನ್ನು ನಾನು ಇದುವರೆಗೆ ಬೆನ್ನಿನಿಂದ ಮಾತ್ರ ಕೇಳಿದ್ದೆ. ಮುದುಕರ ಕಣ್ಣು ಮುಚ್ಚಿಕೊಂಡಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಕತ್ತನ್ನು ಎಡಕ್ಕೆ ತಿರುಗಿಸಿದಾಗ ಲಟಿಕೆ ಬಂತು, ಬಲಕ್ಕೆ ತಿರುಗಿಸಿದಾಗಲೂ ಬಂತು.

"ಏನ್ ಮುನ್ನಾರಾಯಣಪ್ಪ" ಎಂದರು ಕಣ್ಣು ತೆರೆಯದೆ, "ಇವತ್ತು ನನಗೆ ನಿಕಾ ಏನಾದ್ರೂ ಇಟ್ಟಿದೀರಾ?"

ಬೀದಿಯಿಂದ ಸೊಸೆ ಉರ್ದುವಿನಲ್ಲಿ ಏನೋ ಗದರಿದರು. ಆದರೆ ಅವರ ದನಿಯಲ್ಲಿ ನಗುವಿತ್ತು. ಮೂವತ್ತನಾಲ್ಕು ನಿಮಿಷ. ಬರೆದುಕೊಂಡೆ.

ಅಷ್ಟರಲ್ಲಿ ಬೆಂಚಿನ ಆ ತುದಿಯಲ್ಲಿ ಒಬ್ಬ ರೀಲಿಂಗ್ ಕೆಲಸಗಾರ ಬಂದು ಕೂತಿದ್ದ. ಇಪ್ಪತ್ತೈದು ಇರಬಹುದು. ಎಲ್ಲವನ್ನೂ ನೋಡಿದ್ದ. ತನ್ನ ಸರದಿ ಬಂದಾಗ ಕುರ್ಚಿಗೆ ಒರಗಿ, "ನಂಗೂ ಹಂಗೇ ಮಾಡಣ್ಣ" ಎಂದ.

ಮುನಿನಾರಾಯಣಪ್ಪನವರ ಕೈ ಎಣ್ಣೆ ಸೀಸೆಯ ಮೇಲಿತ್ತು. ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಹಾಕ್ಲಾ ಅಮ್ಮ?"

"ಬೇಡ" ಎಂದೆ. "ಇವರಿಗೆ ದಿನಾ ಮಾಡೋ ಹಾಗೆ ಮಾಡಿ."

ಅವನು ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸಿದ. ನಾನು ಕೈಗಡಿಯಾರ ನೋಡಿದೆ. ಕತ್ತರಿ ಆಡಿತು, ಕಿವಿಯ ಹಿಂದೆ ಕತ್ತಿ ಓಡಿತು, ಮೇಲೆ ಹೊದಿಸಿದ್ದ ಬಟ್ಟೆಯನ್ನು ಕೊಡವಿದರು. ಅವನು ಎದ್ದು ನಿಂತು, ತನ್ನ ಕತ್ತನ್ನು ತಾನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿದ. ಲಟಿಕೆ ಬರಲಿಲ್ಲ.

ಹನ್ನೊಂದು ನಿಮಿಷ ಎಂದು ಬರೆದುಕೊಂಡೆ.